ಕರೆಂಟಿಲ್ಲದ ಹೊತ್ತಿನ ಮಗ್ಗ

ಮಂಗಳವಾರ ಬೆಳಿಗ್ಗೆ 10.15ಕ್ಕೆ ದೊಡ್ಡಬಳ್ಳಾಪುರದಲ್ಲಿ ಕರೆಂಟು ಹೋಯಿತು. ದುರಸ್ತಿ ಇದೆ, ಸಂಜೆವರೆಗೆ ಬರುವುದಿಲ್ಲ ಎಂದು ಹಿಂದಿನ ದಿನವೇ ತಿಳಿಸಿದ್ದರು. ಊರಿನ ಮಗ್ಗಗಳೆಲ್ಲ ನಿಂತವು. ಐದು ನಿಮಿಷದ ನಂತರ ದೇವನಹಳ್ಳಿಯ ಸೀರೆ ವ್ಯಾಪಾರಿ ಕೆಂಪರಾಜು ಚೌಡೇಶ್ವರಿಯ ಹೊಸ ಫೋನಿಗೆ ಕರೆ ಮಾಡಿ, ವಾರದಿಂದ ಹೇಳುತ್ತಿದ್ದುದನ್ನೇ ಹೇಳಿದರು.

“ಮಗ್ಗ ನಿಲ್ಸಿ ಮಾತಾಡಮ್ಮ. ಏನೂ ಕೇಳಿಸ್ತಿಲ್ಲ.”

ಚೌಡೇಶ್ವರಿ ತಿರುಗಿ ನೋಡಿದಳು. ಮನೆಯ ಎರಡು ಮಗ್ಗಗಳೂ ನಿಂತಿದ್ದವು.

ಫೋನ್ ಕೊಂಡು ಅಂದಿಗೆ ಏಳು ದಿನ. ದೋಷವಿದ್ದರೆ ಬದಲಿ ಸಿಗುವುದು ಆ ಸಂಜೆ ಆರರವರೆಗೆ ಮಾತ್ರ. ಬಿಲ್ಲು ಅತ್ತೆ ರುಕ್ಮಿಣಮ್ಮನ ಹೆಸರಲ್ಲಿದ್ದುದರಿಂದ ಅವರನ್ನೂ ಕರೆದುಕೊಂಡು ನಾಲ್ಕಕ್ಕೆ ಅಂಗಡಿಗೆ ಹೋದಳು.

“ಏಳು ದಿನ ಬೇಕಾಯ್ತಾ ಅಕ್ಕ, ಇದು ಗೊತ್ತಾಗೋಕೆ?” ಎಂದ ಅಂಗಡಿಯ ಇರ್ಫಾನ್.

“ಮಗ್ಗದ ಮನೇಲಿ ಮಗ್ಗದ ಸದ್ದು ಯಾರಿಗೆ ಕೇಳ್ಸುತ್ತೆ ಭಾಯ್? ನಿಂತ್ರೆ ಮಾತ್ರ ಗೊತ್ತಾಗೋದು.”

ಇರ್ಫಾನ್ ಆ ಫೋನಿನಿಂದ ತನ್ನ ಫೋನಿಗೆ ಕರೆ ಮಾಡಿ ಕೇಳಿದ. ಟಕ ಟಕ ಸದ್ದು ಬಂತು. ಫೋನ್ ಆರಿಸಿ ಹಚ್ಚಿದ. ಸಿಮ್ ಬದಲಿಸಿದ. ಮೈಕಿನ ತೂತನ್ನು ಬ್ರಷ್‌ನಿಂದ ಉಜ್ಜಿದ. ಕೊನೆಗೆ ಎಲ್ಲವನ್ನೂ ಅಳಿಸಿ, ಹೊಸದಾಗಿ ತೆರೆದು ಮತ್ತೆ ಕರೆ ಮಾಡಿದ. ಸದ್ದು ಹಾಗೇ ಇತ್ತು. ಅವರೂ ಕೇಳಲೆಂದು ತನ್ನ ಫೋನನ್ನು ಸ್ಪೀಕರಿಗೆ ಹಾಕಿ ದೂರದ ಕಪಾಟಿನ ಮೇಲಿಟ್ಟ.

ಮೂರು ಏಟು ಸಮನಾಗಿ, ನಾಲ್ಕನೆಯದು ತುಸು ತಡವಾಗಿ.

ರುಕ್ಮಿಣಮ್ಮ ಸ್ಟೂಲಿನಿಂದ ಎದ್ದರು. “ಇದು ಅವರ ಮಗ್ಗ.”

ಅವರ ಗಂಡ ವೆಂಕಟರಮಣಪ್ಪ ತೀರಿಕೊಂಡು ಎರಡು ವರ್ಷವಾಗಿತ್ತು. ಮಧ್ಯಾಹ್ನ ಊಟಕ್ಕೆ ಕರೆದಾಗ “ಬರ್ತೀನಿ” ಎಂದವರು ಓಡುವ ಮಗ್ಗದ ಪಕ್ಕದಲ್ಲೇ ಕುಸಿದಿದ್ದರು. ತಿಂಗಳ ನಂತರ ಆ ಮಗ್ಗವನ್ನು ಗುಜರಿಗೆ ಹಾಕಿದ್ದರು.

“ಎಲ್ಲಾ ಮಗ್ಗಾನೂ ಒಂದೇ ಥರ ಅಲ್ವಾ ಅತ್ತೆ,” ಎಂದಳು ಚೌಡೇಶ್ವರಿ. ಹಾಗಲ್ಲವೆಂದು ಅವಳಿಗೂ ಗೊತ್ತಿತ್ತು.

ಅಷ್ಟರಲ್ಲಿ ಸದ್ದು ನಿಂತಿತು.

“ಹೋಯ್ತು ಬಿಡಿ,” ಎಂದ ಇರ್ಫಾನ್.

“ತಾಳಪ್ಪ. ಎಳೆ ಕಿತ್ತಿದೆ. ಗಂಟು ಹಾಕ್ತಿದ್ದಾರೆ.”

ಎಳೆಗೆ ಗಂಟು ಹಾಕಲು ಎಷ್ಟು ಹೊತ್ತು ಬೇಕೋ ಅಷ್ಟೇ ಹೊತ್ತಿಗೆ, ಸುಮಾರು ಅರ್ಧ ನಿಮಿಷಕ್ಕೆ, ಮಗ್ಗ ಮತ್ತೆ ಓಡಿತು. ಇರ್ಫಾನ್ ಕೈಯಲ್ಲಿದ್ದ ಬ್ರಷ್ಷನ್ನು ಕೆಳಗಿಟ್ಟ.

“ಅಮ್ಮ, ಬದಲಿ ಸೆಟ್ ಕೊಡ್ತೀನಿ. ಇಲ್ಲೊಂದು ಸಹಿ ಹಾಕಿ.”

“ಇದನ್ನ ಕೊಟ್ರೆ ಮತ್ತೆ ಕೇಳಲ್ಲ, ಅಲ್ವೇನಪ್ಪಾ?”

“ಇದು ಕಂಪನಿಗೆ ಹೋಗುತ್ತಮ್ಮ.”

ಅವರು ಪೆನ್ನು ಮುಟ್ಟಲಿಲ್ಲ. “ಎರಡು ವರ್ಷದಿಂದ ಹಸ್ಕೊಂಡು ನೇಯ್ತಿದ್ದಾರೆ,” ಎನ್ನುತ್ತ ಸೊಸೆಯ ಫೋನನ್ನು ಬಾಯಿಯ ಹತ್ತಿರ ಹಿಡಿದು, ಮಗ್ಗದ ಮನೆಯವರು ಕೂಗುವಷ್ಟು ಜೋರಾಗಿ ಕೂಗಿದರು. “ರೀ, ಸಾಕು, ಊಟಕ್ಕೆ ಬನ್ನಿ.”

ಎರಡು ಏಟು ಬಿತ್ತು. ಮಗ್ಗ ನಿಂತಿತು.

ಅರ್ಧ ನಿಮಿಷವಾಯಿತು. ಐದು ನಿಮಿಷವಾಯಿತು. ಇರ್ಫಾನ್ ಮೂರು ಸಲ ಬೇರೆ ಬೇರೆ ಫೋನುಗಳಿಗೆ ಕರೆ ಮಾಡಿ ನೋಡಿದ. ಮಾತು ಸ್ವಚ್ಛವಾಗಿ ಕೇಳಿಸುತ್ತಿತ್ತು. 5.35ಕ್ಕೆ ಚೀಟಿಯಲ್ಲಿ ‘ದೋಷ ಕಂಡುಬಂದಿಲ್ಲ’ ಎಂದು ಬರೆದು ಫೋನನ್ನು ಚೌಡೇಶ್ವರಿಗೆ ವಾಪಸ್ ಕೊಟ್ಟ.

ಅವಳು ತಿರುಗಿ ನೋಡಿದಾಗ ಸ್ಟೂಲು ಖಾಲಿಯಿತ್ತು. ಅನ್ನಕ್ಕಿಡಬೇಕೆಂದು ಹೇಳಿ ರುಕ್ಮಿಣಮ್ಮ ಆಗಲೇ ಆಟೊ ಹತ್ತಿದ್ದರು.