ನೀರಲ್ಲಿ ಮುಳುಗಿದ ಮುಗುಡು

ಡ್ರಮ್ಮಿನ ತುಂಬ ಮುಗುಡು ಮೀನುಗಳು ಸತ್ತು ತೇಲುತ್ತಿದ್ದವು. ಭೋಜ ಮಾವನ ಬಾಯಿಗೆ ಬೀಗ ಹಾಕುವವರೇ ಇರಲಿಲ್ಲ.

"ಈ ಹೆಣ್ಣ್ ನಿನ್ನೆ ಕಿವಿರ್ ಬಿಡ್ಸಿ ಬಿಡ್ಸಿ ಕಂಡದ್ದೇ ಕಾರಣ! ಓದಿದ್ದ್ ಸಾಕ್. ಇವತ್ತಿಂದ ಕಾಲೇಜೂ ಇಲ್ಲೆ, ಎಂತದೂ ಇಲ್ಲೆ!"

ಮಳೆಗಾಲದಲ್ಲಿ ದೋಣಿ ಕಡಲಿಗೆ ಇಳಿಯುವುದಿಲ್ಲ. ತೋಡಿನಿಂದ ಗದ್ದೆಗೆ ಹತ್ತಿ ಬರುವ ಮುಗುಡನ್ನು ಹಿಡಿದು, ಜೀವಂತವಾಗಿಯೇ ಕೋಟದ ಪೇಟೆಯಲ್ಲಿ ಮಾರುವ ಯೋಚನೆ ಮಾವನದೇ. ಕಡಲಿನವರಲ್ಲವೇ, ಮೀನಿಗೆ ನೀರು ಹೆಚ್ಚಿದಷ್ಟೂ ಒಳ್ಳೆಯದೆಂದು ಡ್ರಮ್ಮನ್ನು ಅಂಚಿನವರೆಗೆ ತುಂಬಿಸಿ, ಹಾರದಿರಲೆಂದು ಮುಚ್ಚಳ ಬಿಗಿದು, ಮೇಲೊಂದು ಕಲ್ಲನ್ನೂ ಹೇರಿ ಮಲಗಿದ್ದರು. ತಪ್ಪು ಮಾತ್ರ ಸೋದರಸೊಸೆ ಮೋಕ್ಷಿತಾಳದ್ದು! ಆ ಮನೆಯಲ್ಲಿ ಮಾವ ಅಂದದ್ದೇ ಕಡೆಯ ಮಾತು. ಅವಳ ಅಮ್ಮ ಜಲಜ, ಅಣ್ಣನೆದುರು ಎಂದೂ ಸೊಲ್ಲೆತ್ತಿದವಳಲ್ಲ.

ಮೋಕ್ಷಿತಾಳಿಗೆ ಮೈಯೆಲ್ಲ ಉರಿಯಿತು. ಕುಂದಾಪುರದ ಕಾಲೇಜಿಗೆ ಪ್ರಾಣಿಶಾಸ್ತ್ರ ಓದಲು ಹಟ ಹಿಡಿದು ಸೇರಿದವಳು ಅವಳು. ಮೆಟ್ಟುಕತ್ತಿ ಎಳೆದುಕೊಂಡು ಸತ್ತ ಮೀನೊಂದರ ತಲೆ ಸೀಳಿದಳು.

"ಕಾಣಿ ಮಾವ. ಕಿವಿರ್ ಇಷ್ಟೇ ಇಷ್ಟ್. ಅದ್ರ ಮೇಲೆ ಗಿಡದ್ ಹಾಂಗೆ ಕೆಂಪಗೆ ಕವಲೊಡ್ದದ್ದ್ ಇತ್ತಲ್ದಾ? ಹೃದಯದ ರಕ್ತ ಕಿವಿರಿಗೂ ಹೋತ್ತ್, ಈ ಗಿಡಕ್ಕೂ ಹೋತ್ತ್. ಮೀನ್ ಮೇಲ್ ಬಂದ್ ಗಾಳಿ ನುಂಗಿರೆ ಈ ಗಿಡದಲ್ಲಿ ರಕ್ತಕ್ಕೆ ಉಸಿರ್ ಸಿಕ್ಕತ್ತ್. ಕಿವಿರೊಂದೇ ಸಾಕಾತ್ತಿಲ್ಲೆ. ನೀವ್ ಗಾಳಿಯನ್ನೇ ಮುಚ್ಚಿದ್ರಿ. ಅದ್ ಮುಳುಗಿ ಸತ್ತದ್ದ್."

"ಹ್ವಾಯ್! ಮೀನ್ ನೀರಲ್ಲಿ ಮುಳುಗಿ ಸಾಯ್ತಂಬ್ರ್!" ಮಾವ ಕೇರಿಗೆಲ್ಲ ಕೇಳುವಂತೆ ನಕ್ಕರು.

ಮನೆಯ ಸಾರಿಗೆಂದು ಬೇರೆ ತೆಗೆದು ತೆರೆದ ಪಾತ್ರೆಯಲ್ಲಿಟ್ಟಿದ್ದ ಒಂದು ಮುಗುಡು ಇನ್ನೂ ಬದುಕಿತ್ತು. ಮೋಕ್ಷಿತಾ ಅದನ್ನು ಬಕೆಟ್ಟಿಗೆ ಹಾಕಿ, ತುಳುಕುವಷ್ಟು ನೀರು ಹೊಯ್ದು, ಹಲಗೆ ಮುಚ್ಚಿದಳು.

"ಕೂಕಣಿ ಇದ್ರ ಮೇಲೆ."

ಮಾವ ಕಾಲ ಮೇಲೆ ಕಾಲು ಹಾಕಿ ಕುಳಿತರು. ಸ್ವಲ್ಪ ಹೊತ್ತಿಗೆ ಹಲಗೆಯ ಅಡಿಯಲ್ಲಿ ಢಬ್ ಎಂದಿತು. ಮತ್ತೊಮ್ಮೆ ಢಬ್. ಮಾವನ ನಗು ನಿಂತಿತು, ಆದರೆ ಬಿದ್ದರೂ ಮೀಸೆ ಮಣ್ಣಾಗಬಾರದಲ್ಲ, ಏಳಲಿಲ್ಲ. ಬಡಿತ ಜೋರಾಯಿತು. ಆಮೇಲೆ ಸೋತು ಸೋತು ಬರತೊಡಗಿತು.

"ಅಣ್ಣ, ಏಳಿ," ಎಂದಳು, ಎಲ್ಲವನ್ನೂ ನೋಡುತ್ತ ಪಕ್ಕದಲ್ಲೇ ನಿಂತಿದ್ದ ಜಲಜ.

ಮಾವ ಕೇಳಿಸದವರಂತೆ ಬೇಲಿಯತ್ತ ನೋಡಿದರು.

"ಏಳಿ ಅಂದೆ ಅಲ್ದಾ!"

ಆ ದನಿಗೆ ಅವರು ಬೆಚ್ಚಿ ಎದ್ದೇಬಿಟ್ಟರು. ಜಲಜ ಹಲಗೆ ಎಳೆದು ಎಸೆದಳು. ಮುಗುಡು ಮೇಲೆ ಬಂದು ಬಾಯಿ ತೆರೆದು ಗಾಳಿ ನುಂಗಿತು.

"ನೀ ಹೊರಡ್ ಮಗಾ," ಎಂದಳು ಜಲಜ, ಅಣ್ಣನ ಮುಖ ನೋಡುತ್ತಲೇ. "ಕಾಲೇಜಿಗೆ ಹೊತ್ತಾಯ್ತ್."