ಆರು ತಾಟು

“ನಾಲ್ಕು ಮಂದಿಗೆ ಆರು ತಾಟು ಯಾಕ್ರಿ ವೈನಿ?”

ಬೇವಿನ ಮರದ ಕೆಳಗೆ ಜಮಖಾನೆ ಹಾಸುತ್ತಿದ್ದ ಮಂದಾಕಿನಿ ನಾದಿನಿಯ ಮಾತು ಕಿವಿಗೇ ಬೀಳದವಳಂತೆ ಇದ್ದುಬಿಟ್ಟಳು. ವೈಜಯಂತಾ ಚೀಲದೊಳಗಿನ ತಾಟುಗಳನ್ನು ಮತ್ತೊಮ್ಮೆ ಎಣಿಸಿದಳು. ಆರೇ. ಅಣ್ಣ ಸುಧಾಕರ, ವೈನಿ, ಅವರ ಮಗಳು ಋತುಜಾ, ತಾನು. ಆಯಿತಲ್ಲ ನಾಲ್ಕು? ತಾಟಿನ ಕೆಳಗೆ ಶೇಂಗಾ ಹೋಳಿಗೆಯ ಡಬ್ಬಿ, ಅದರ ಕೆಳಗೆ ದಾರ ಬಿಚ್ಚದ ಪೇಢೆಯ ಪೆಟ್ಟಿಗೆ. ದೀಪಾವಳಿಗೇ ಹಿಂದೆಮುಂದೆ ನೋಡಿ ಕಾಲು ಕಿಲೋ ತರುವ ಅಣ್ಣ, ಹಿಪ್ಪರಗಾ ಕೆರೆ ನೋಡಲು ಬರುವಾಗ ಕಿಲೋ ಪೇಢೆ ತಂದನೆಂದರೆ!

ಬೆಳಿಗ್ಗೆಯೇ ಅವಳಿಗೆ ಏನೋ ಮಸಲತ್ತಿನ ವಾಸನೆ ಬಡಿದಿತ್ತು. “ಕೆರಿ ದಂಡ್ಯಾಗ ಮಣ್ಣಾಗ ಕೂಡೂದು, ನಿಮ್ಮ ಹಸರು ಇರಕಲ್ ಸೀರಿ ನನಗ್ಯಾಕ?” ಎಂದು ಕೇಳಿದ್ದಳು. “ಪೆಟ್ಟಿಗ್ಯಾಗ ಇಟ್ಟು ನುಸಿಗೆ ತಿನ್ನಸ್ಲೇನು?” ಎಂದು ವೈನಿ ತಾನೇ ಮುಂದೆ ಕೂತು ನಿರಿಗೆ ಹಿಡಿದಿದ್ದಳು.

“ಆತ್ಯಾ, ತುಳಜಾಪುರದ ಅಜ್ಜಿ ಬಂದ ಕೂಡ್ಲೇ ನಾನೂ ಕಾಲಿಗೆ ಬೀಳಬೇಕೇನ?” ಋತುಜಾ ಸೋದರತ್ತೆಯನ್ನು ಕೇಳಿಯೇಬಿಟ್ಟಳು. ತಾಯಿ ಕಣ್ಣು ಬಿಟ್ಟಾಗ ನಾಲಿಗೆ ಕಚ್ಚಿಕೊಂಡಳು. ಹನ್ನೆರಡರ ಹುಡುಗಿಯ ಹೊಟ್ಟೆಯಲ್ಲಿ ಗುಟ್ಟು ಎಷ್ಟು ಹೊತ್ತು ನಿಂತೀತು?

“ಮತ್ತ ಅದೇ ಆಟ ಹೂಡೀರೇನ್ರಿ?” ವೈಜಯಂತಾ ತಾಟಿನ ಚೀಲವನ್ನು ಬದಿಗೆ ತಳ್ಳಿದಳು.

ಮೂವತ್ತೈದು ತುಂಬುವುದರೊಳಗೆ ಹದಿನೇಳು ಮನೆಯವರ ಮುಂದೆ ಅವಲಕ್ಕಿಯ ತಾಟು ಹಿಡಿದು ಹೋದವಳು ಅವಳು. ಕೊನೆಯವರು ಎರಡೆರಡು ಸಲ ಹಾಕಿಸಿಕೊಂಡು ತಿಂದು, ಚಹಾ ಕುಡಿದು, “ತಿಳಸ್ತೀವಿ” ಅಂದು ಹೋದವರು ಇನ್ನೂ ತಿಳಿಸಿಲ್ಲ. ಅವತ್ತೇ ಅವಳು ಇನ್ನು ಸಾಕು ಎಂದಿದ್ದಳು. ಅದಕ್ಕೂ ನಾಲ್ಕು ವರ್ಷವಾಯಿತು.

ಸುಧಾಕರ ಕೆರೆಯ ಕಡೆ ಮುಖ ಮಾಡಿ ಹೇಳಿದ. ತುಳಜಾಪುರದವರು. ವರ ಸಾಲೆಯಲ್ಲಿ ಕ್ಲಾರ್ಕು. ಹೆಂಡತಿ ತೀರಿ ಎರಡು ವರ್ಷ, ಮಕ್ಕಳಿಲ್ಲ, ಮನೆಯಲ್ಲಿ ತಾಯಿ ಒಬ್ಬಳು. “ಮನಿಗೇ ಕರಸಿದ್ರ ಓಣಿಗೆಲ್ಲಾ ಸುದ್ದಿ. ಇಲ್ಲಿ ಹಂಗಲ್ಲ ನೋಡು. ನಾವೂ ಕೆರಿಗೆ ಬಂದಿದ್ವಿ, ಅವರೂ ಬಂದಿದ್ರು ಅಂದ್ರಾತು. ಮನಸಿಗೆ ಬಂದ್ರ ಕೂಡಿ ಊಟ ಮಾಡೂದು. ಇಲ್ಲಾಂದ್ರ ಯಾರಿಗೂ ಮಾತಿಲ್ಲ, ಕತಿ ಇಲ್ಲ.”

“ನನಗೊಂದು ಮಾತು ಕೇಳಬೇಕು ಅನಸ್ಲಿಲ್ಲಲ್ಲ ದಾದಾ?”

“ಕೇಳಿದ್ರ ಬರ್ತಿದ್ದೇನು?” ವೈನಿ ನಡುವೆ ಬಾಯಿ ಹಾಕಿದಳು. ಆಮೇಲೆ ದನಿ ಇಳಿಸಿ, “ಬರೂ ಜೂನ್ ತಿಂಗಳಿಂದ ನಿಮ್ಮ ದಾದಾಗ ಲಾತೂರ ಬಸ್ ಡಿಪೋಕ್ಕ ವರ್ಗ ಮಾಡ್ಯಾರ. ನಿನ್ನ ಒಬ್ಬಾಕಿನ್ನ ಹೆಂಗ ಬಿಟ್ಟು ಹೋಗೂದು ವೈಜೂ? ಇವರಿಗೆ ರಾತ್ರಿ ನಿದ್ದಿ ಹತ್ತವಲ್ದು” ಎಂದಳು.

ಜೂನಿನ ಮಾತು ವೈಜಯಂತಾಳಿಗೂ ಗೊತ್ತಿತ್ತು. ತಾನು ಕೆಲಸ ಮಾಡುವ ಕಾರ್ಖಾನೆಯ ಹಿಂದಿನ ಓಣಿಯಲ್ಲಿ ಒಂದು ಖೋಲಿ ನೋಡಿಯೂ ಇಟ್ಟಿದ್ದಳು. ಒಂದು ಕಿಟಕಿ, ಒಂದು ನಲ್ಲಿ. ಆ ಖೋಲಿಯ ನಡುವೆ ನಿಂತಾಗ, ಇಲ್ಲಿ ಆತ್ಯಾ ಎಂದು ಕರೆಯುವವರು ಯಾರೂ ಇರುವುದಿಲ್ಲ ಎನ್ನಿಸಿತ್ತು. ಅದನ್ನು ಅವಳು ಯಾರಿಗೂ ಹೇಳಿರಲಿಲ್ಲ. ಈಗಲೂ ಹೇಳಲಿಲ್ಲ. ಸಿಟ್ಟಿನಿಂದ ಎದ್ದು ಕೆರೆಯ ಏರಿ ಹಿಡಿದು ನಡೆದಳು.

ಏರಿಯ ತೂಬಿನ ಹತ್ತಿರ ಕಲ್ಲಿನ ಮೆಟ್ಟಿಲು. ನೀರಿನ ಮೇಲೆ ನಾಲ್ಕಾರು ಬಾತುಗಳು ಬಿಟ್ಟರೆ ಒಂದು ಸದ್ದೂ ಇಲ್ಲ. ಬಂದವರಿಗೆ ಮುಖ ಕೊಟ್ಟೂ ಮಾತಾಡುವುದಿಲ್ಲ ಎಂದುಕೊಂಡಳು. ಹೋಳಿಗೆ ತಿಂದು ಹೋಗಲಿ ಹಾಳಾಗಿ. ಹೆದ್ದಾರಿಯ ಕಡೆಯಿಂದ ಒಂದು ಗಾಡಿಯ ಸದ್ದು ಬಂತು. ಕಿವಿ ನಿಮಿರಿತು. ಲಾರಿ. ಇನ್ನೊಂದು ಬಂತು, ಅದೂ ಲಾರಿಯೇ. ಮೂರನೆಯದು ಬರುವ ಹೊತ್ತಿಗೆ ಅವಳು ಮುಖ ತೊಳೆದು, ಸೆರಗಿನಿಂದ ಒರೆಸಿ, ಹೆರಳು ಬಿಚ್ಚಿ ಮತ್ತೆ ಹೆಣೆದುಕೊಳ್ಳುತ್ತಿದ್ದಳು. ಬರಲಿ ಅನ್ನಿಸಿತು. ಥೂ, ನಾಚಿಕೆಯಾಗಬೇಕು ಅಂತಲೂ ಅನ್ನಿಸಿತು. ಆದರೂ ಬರಲಿ.

ಚಾದರ ಕಾರ್ಖಾನೆಯಲ್ಲಿ ಅವಳ ಕೆಲಸವೆಂದರೆ ನೋಡುವುದು. ಮಗ್ಗದಿಂದ ಇಳಿದ ಚಾದರ ಹರವಿ, ನಾಲ್ಕು ಹೆಜ್ಜೆ ಹಿಂದೆ ಸರಿದು ನೋಡಬೇಕು. ಎಳೆ ತಪ್ಪಿದ್ದು, ಬಣ್ಣ ಮಾಸಿದ್ದು ದೂರದಿಂದಲೇ ಕಾಣುವುದು. ಒಂದಕ್ಕೆ ಅರ್ಧ ನಿಮಿಷ ಸಾಕು. ಆಮೇಲೆ ಈ ಕಡೆಯ ರಾಶಿಗೋ, ಸೆಕೆಂಡ್ಸ್ ಎನ್ನುವ ಆ ಕಡೆಯ ಐಬಿನ ರಾಶಿಗೋ.

ಏರಿಯ ಆ ತುದಿಯಲ್ಲಿ ಬಿಳಿ ಕಾರು ನಿಂತಿತು. ನೀಲಿ ಅಂಗಿಯವನೊಬ್ಬ ಇಳಿದು, ಮುದುಕಿಯೊಬ್ಬಳ ಕೈ ಹಿಡಿದು ಇಳಿಸಿದ. ಮೆಲ್ಲಗೆ ಇಳಿಸಿದ, ಆಕೆಯ ಕೋಲು ತಾನೇ ತೆಗೆದುಕೊಟ್ಟ. ಒಳ್ಳೆಯವನಿರಬೇಕು ಅನ್ನಿಸಿತು ವೈಜಯಂತಾಳಿಗೆ. ಎದ್ದು ನಿಂತಳು. ಕೈ ಎಲ್ಲಿಡಬೇಕೋ ತಿಳಿಯಲಿಲ್ಲ. ಅವನು ಹಣೆಗೆ ಕೈ ಅಡ್ಡ ಹಿಡಿದು ಇತ್ತಲೇ ನೋಡಿದ. ಅವಳು ಮುಖವನ್ನು ಬಿಸಿಲಿಗೆ ತಿರುಗಿಸಿದಳು. ಹಾದಿ ಗೊತ್ತಾಗಲಿಕ್ಕಿಲ್ಲ, ಇಲ್ಲೇ ಎಂದು ತೋರಿಸಬೇಕು ಎನ್ನಿಸಿ ಬಲಗೈ ಮೇಲೆತ್ತಿದಳು.

ಮುದುಕಿ ಮಗನ ಕಡೆ ತಿರುಗಿ ಏನೋ ಅಂದಳು. ಅವನು ತಲೆಯಾಡಿಸಿದ. ಆಕೆಯನ್ನು ಅಷ್ಟೇ ಮೆಲ್ಲಗೆ ಮತ್ತೆ ಹತ್ತಿಸಿದ. ಕಾರು ಹಿಂದೆಮುಂದೆ ಮಾಡಿ ತಿರುಗಿ, ಬಂದ ದಾರಿಗೇ ಹೋಯಿತು. ಎಲ್ಲ ಸೇರಿ ಅರ್ಧ ನಿಮಿಷವಾಗಿದ್ದೀತು. ಅವಳ ಕೈ ಇನ್ನೂ ಮೇಲೆಯೇ ಇತ್ತು.

ಬೇವಿನ ಮರದ ಕೆಳಗೆ ಅಣ್ಣ ಮೊಬೈಲು ಹಿಡಿದು ಶತಪಥ ಹಾಕುತ್ತಿದ್ದ. “ಘಾಟಿನ್ಯಾಗ ಎಲ್ಲೋ ಸಿಕ್ಕೊಂಡಾರ. ಫೋನೂ ಎತ್ತವಲ್ರು.”

“ಬಡಸ್ರಿ ವೈನಿ, ಹಸಿವಾಗೇದ” ಎಂದಳು ವೈಜಯಂತಾ.

“ಇನ್ನ ಹತ್ತು ನಿಮಿಷ ತಡಿಯವ್ವ. ಇಷ್ಟೊತ್ತು ತಡದೀವಿ.”

“ಬಂದು ಹೋದ್ರು.”

ಅವಳೇ ಹೇಳಿದಳು. ಬಿಳಿ ಕಾರು, ನೀಲಿ ಅಂಗಿ, ಮುದುಕಿಯ ಕೋಲು, ಎಲ್ಲ. ಸುಧಾಕರನ ಮುಖ ಕೆಂಪಾಯಿತು. “ಮಂದಿ ಅಂತಾರೇನು ಇವರಿಗೆ? ಹತ್ರ ಬಂದು ನೀರರ ಕುಡದು ಹೋಗಬಾರದಾಗಿತ್ತೇನು!”

“ನೀನೇ ಅಂದ್ಯಲ್ಲ ದಾದಾ, ಯಾರಿಗೂ ಮಾತಿಲ್ಲ ಕತಿ ಇಲ್ಲ ಅಂತ.”

“ಆತ್ಯಾ,” ಋತುಜಾ ಮೆಲ್ಲಗೆ ಕೇಳಿದಳು, “ಅಷ್ಟು ದೂರದಿಂದ ನೀ ಅವರಿಗೆ ಕಂಡ್ಯಾ?”

“ಕಂಡೆನವ್ವ. ಛಲೋತಂಗ ಕಂಡೆ.”

ಕೈ ಎತ್ತಿದ್ದನ್ನು ಮಾತ್ರ ಅವಳು ಹೇಳಲಿಲ್ಲ. ಪೇಢೆಯ ಪೆಟ್ಟಿಗೆ ಎಳೆದುಕೊಂಡು ದಾರ ಬಿಚ್ಚಿ, ಮೊದಲನೆಯದನ್ನು ಋತುಜಾಳ ಕೈಗೆ ಹಾಕಿದಳು. ಮಂದಾಕಿನಿ ನಾಲ್ಕು ತಾಟು ಜೋಡಿಸಿದಳು. ಉಳಿದ ಎರಡನ್ನು ಸದ್ದಾಗದಂತೆ ಟವೆಲ್ಲಿನಲ್ಲಿ ಸುತ್ತಿ ಚೀಲದ ತಳಕ್ಕೆ ಇಟ್ಟಳು.