ಕಾಲು ಇಳಿಬಿಟ್ಟು ಕೂತಷ್ಟು ಹೊತ್ತು

ಮೂಳೆ ವಾರ್ಡಿನ ಕಿಟಕಿ ಪಕ್ಕದ ಹಾಸಿಗೆಯಲ್ಲಿದ್ದ ಕಂಡಕ್ಟರಮ್ಮ ಹೊಸ ನರ್ಸ್ ಹುಡುಗಿಗೆ ಮೊದಲ ದಿನವೇ ಹೆಸರಿಟ್ಟುಬಿಟ್ಟಳು. ಹುಡುಗಿ ಅವಳ ಮಣಿಕಟ್ಟು ಹಿಡಿದು, ಬಾಯಿ ಬಿಗಿದುಕೊಂಡು, ನಾಡಿ ಎಣಿಸುತ್ತ ನಿಂತಿದ್ದಳು. ನಾಡಿ ಮುಗಿದ ಮೇಲೂ ಕೈ ಬಿಡಲಿಲ್ಲ. ಉಸಿರು ಎಣಿಸುತ್ತಿದ್ದೇವೆ ಅಂತ ಗೊತ್ತಾದರೆ ಯಾರೂ ಸಹಜವಾಗಿ ಉಸಿರಾಡುವುದಿಲ್ಲ. ಅದಕ್ಕೇ ನಾಡಿ ನೋಡುವವರ ಹಾಗೆ ನಟಿಸುತ್ತ, ಎದೆಯ ಏರಿಳಿತದ ಮೇಲೆ ಕಣ್ಣಿಡಬೇಕು.

"ಎದೇನ ಯಾಕೆ ಹಂಗೆ ದಿಟ್ಟಿಸ್ತೀಯೇ? ಸರ ಹಾಕಿಲ್ಲ, ಕದಿಯೋಕೆ," ಅಂದಳು ಕಂಡಕ್ಟರಮ್ಮ. ಹುಡುಗಿಯ ಕಿವಿ ಕೆಂಪಾಯಿತು. ಲೆಕ್ಕ ತಪ್ಪಿತು. "ಮಾತಿಲ್ಲ ಕತೆಯಿಲ್ಲ. ಗುಮ್ಮನಗುಸ್ಕಿ!"

ಮಧ್ಯಾಹ್ನದ ಹೊತ್ತಿಗೆ ಕಸ ಗುಡಿಸುವವಳೂ ಅವಳನ್ನು ಹಾಗೇ ಕರೆಯುತ್ತಿದ್ದಳು.

ಕಂಡಕ್ಟರಮ್ಮ ರಿಟೈರಾಗಿ ಎಷ್ಟೋ ಕಾಲವಾಗಿತ್ತು. ಆದರೆ ಗಂಟಲು ಮಾತ್ರ ಇನ್ನೂ ಸರ್ವೀಸಿನಲ್ಲೇ ಇತ್ತು. ಸೊಂಟದ ಮೂಳೆಗೆ ಆಪರೇಷನ್ ಆಗಿ, ದಿನಕ್ಕೆ ಮೂರು ಹೊತ್ತು ಅವಳನ್ನು ಮಂಚದಿಂದ ಎಬ್ಬಿಸಿ ಕುರ್ಚಿಗೆ ದಾಟಿಸುವ ಕೆಲಸ ಹುಡುಗಿಯ ಪಾಲಿಗೆ ಬಂದಿತ್ತು. ಅದಕ್ಕೊಂದು ಕ್ರಮವಿದೆ. ಮಗ್ಗುಲಿಗೆ ಹೊರಳಿಸಬೇಕು. ಕಾಲು ಇಳಿಬಿಡಿಸಿ ಮಂಚದ ಅಂಚಿನಲ್ಲಿ ಕೂರಿಸಬೇಕು. ಸೊಂಟಕ್ಕೆ ಅಗಲವಾದ ಪಟ್ಟಿ ಕಟ್ಟಿ, ಕೂತಲ್ಲೇ ಸ್ವಲ್ಪ ಹೊತ್ತು ಬಿಟ್ಟು, ತಲೆ ಸುತ್ತುತ್ತಾ ಅಂತ ಕೇಳಿ, ಬಿಪಿ ನೋಡಿ, ಆಮೇಲೆ ಮಂಡಿಗೆ ಮಂಡಿ ಆನಿಸಿ, ಎದೆಗೆ ಎದೆ ಕೊಟ್ಟು ಎಬ್ಬಿಸಬೇಕು. ದೂರದಿಂದ ನೋಡಿದವರಿಗೆ ತಾಯಿ ಮಗಳು ಅಪ್ಪಿಕೊಂಡ ಹಾಗೆ ಕಾಣುತ್ತದೆ.

ಹತ್ತಿರದ ಸಂಗತಿ ಬೇರೆ. ಎದ್ದಾಗಲೆಲ್ಲ ಕಂಡಕ್ಟರಮ್ಮ ಹುಡುಗಿಯ ಬೆನ್ನಿಗೆ ಉಗುರು ಊರುತ್ತಿದ್ದಳು. ಭಾರ ಪೂರ್ತಿ ಕೊಡುತ್ತಿರಲಿಲ್ಲ, ಮೈ ಸೆಟೆದುಕೊಂಡೇ ಇರುತ್ತಿದ್ದಳು. "ಓಡೋ ಬಸ್ಸಲ್ಲಿ, ಕಂಬಿ ಹಿಡೀದೆ, ಎರಡೂ ಕೈಲಿ ಟಿಕೆಟ್ ಹರ್ಕೊಂಡು ನಿಂತೋಳು ನಾನು. ನಂಗೆ ನಿಂತ್ಕೊಳ್ಳೋದು ಕಲಿಸ್ತೀಯಾ? ನಾಯಿಗೆ ಕಟ್ದಂಗೆ ಪಟ್ಟಿ ಬೇರೆ!"

ಹುಡುಗಿ ಹಲ್ಲು ಕಚ್ಚಿ ಸಹಿಸಿದಳು. ಅವಳ ನೌಕರಿ ಇನ್ನೂ ಖಾಯಂ ಆಗಿರಲಿಲ್ಲ. "ಒಂದೇ ಒಂದು ದೂರು ಬಂತೋ, ಹಾಸ್ಟೆಲ್ ರೂಮಿನ ಬೀಗದ ಕೈ ನನ್ನ ಟೇಬಲ್ ಮೇಲಿಟ್ಟು ನಡೀತಾ ಇರು," ಅಂತ ಅವಳು ಕೆಲಸಕ್ಕೆ ಸೇರಿದ ದಿನವೇ ಹೆಡ್ ಸಿಸ್ಟರ್ ಹೇಳಿದ್ದಳು. ಹುಡುಗಿಗೆ ಬೇರೆ ಬಾಗಿಲು ಇರಲಿಲ್ಲ. ಮನೆಯಲ್ಲಿ ಚಿಕ್ಕಮ್ಮ ಅವಳ ಮಂಚವನ್ನು ಆಗಲೇ ಮಡಚಿಟ್ಟುಬಿಟ್ಟಿದ್ದಳು.

ಒಂದು ದಿನ ಬೆಳಿಗ್ಗೆ ಹುಡುಗಿ ಕ್ರಮ ತಪ್ಪದೆ ಕಂಡಕ್ಟರಮ್ಮನನ್ನು ಅಂಚಿಗೆ ಕೂರಿಸಿ, ಪಟ್ಟಿ ಕಟ್ಟಿ, ಬಿಪಿ ಯಂತ್ರಕ್ಕೆ ಕೈ ಚಾಚಿದ್ದಳಷ್ಟೆ. ಬಾಗಿಲಲ್ಲಿ ಸೊಸೆ ಕಾಣಿಸಿಕೊಂಡಳು.

ಸೊಸೆಗೆ ಬೇಕಾಗಿದ್ದು ಅತ್ತೆಯ ಮಹಡಿ ಕೋಣೆ. ಬಂದಾಗಲೆಲ್ಲ ಅದೇ ರಾಗ: "ಮೆಟ್ಟಿಲು ಹತ್ತೋಕಾಗದವರಿಗೆ ಮಹಡಿ ಯಾಕತ್ತೆ? ಕೆಳಗೆ ಸಾಮಾನಿನ ಕೋಣೆ ಖಾಲಿ ಮಾಡಿಸ್ತೀನಿ, ಹಾಯಾಗಿರಿ." ಅವಳನ್ನು ಕಂಡದ್ದೇ ತಡ, ಕಂಡಕ್ಟರಮ್ಮ ಹುಡುಗಿಯ ಕೈ ತಳ್ಳಿ ಸರಕ್ಕನೆ ಎದ್ದು ನಿಂತಳು.

"ನೋಡ್ಕೋ! ನಿಂತಿದೀನಿ!"

ಅಷ್ಟರಲ್ಲಿ ಅವಳ ಮುಖದ ಬಣ್ಣ ಇಳಿಯಿತು. ಮಂಡಿ ಮಡಚಿತು. ಇಂಥ ಹೊತ್ತಿನಲ್ಲಿ ಎತ್ತಿ ಹಿಡಿಯಲು ಹೋದರೆ ಇಬ್ಬರೂ ಮುರಿಯುತ್ತಾರೆ ಎಂಬುದು ಹುಡುಗಿಯ ಕೈಕಾಲಿಗೆ ಗೊತ್ತಿತ್ತು. ಒಂದು ಕಾಲು ಹಿಂದಿಟ್ಟು, ಪಟ್ಟಿ ಹಿಡಿದು, ಆ ಭಾರವನ್ನೆಲ್ಲ ತನ್ನ ತೊಡೆಯ ಮೇಲೆ ಜಾರಿಸುತ್ತ ಜಾರಿಸುತ್ತ ಅವಳ ಜೊತೆಗೇ ನೆಲಕ್ಕೆ ಇಳಿದಳು. ಮುದುಕಿಯ ತಲೆ ಹುಡುಗಿಯ ಮಡಿಲಿಗೆ ಬಂತು. ಹುಡುಗಿಯ ಮಂಡಿ ಮಾತ್ರ ನೆಲಕ್ಕೆ ಧಡ್ಡನೆ ಬಡಿಯಿತು.

"ಅಯ್ಯಯ್ಯೋ! ಬೀಳಿಸಿಬಿಟ್ಲು! ಕಣ್ಣಾರೆ ನೋಡ್ದೆ, ಬೇಕಂತಲೇ ಕೈ ಬಿಟ್ಲು!" ಸೊಸೆಯ ಕೂಗಿಗೆ ವಾರ್ಡೆಲ್ಲ ಎದ್ದು ಕೂತಿತು.

ಹೆಡ್ ಸಿಸ್ಟರ್ ಓಡಿಬಂದಳು. ಎಲ್ಲರೂ ಸೇರಿ ಕಂಡಕ್ಟರಮ್ಮನನ್ನು ಮಲಗಿಸಿದರು. ಮಲಗಿಸಿ ಬಿಪಿ ನೋಡಿದರೆ ಎಲ್ಲ ಸರಿಯಾಗಿದೆ. ನಾಡಿಯೂ ಸರಿ.

"ಅಮ್ಮಾ, ತಲೆ ಸುತ್ತಿತಾ?" ಹೆಡ್ ಸಿಸ್ಟರ್ ಕೇಳಿದಳು.

ಕಂಡಕ್ಟರಮ್ಮ ಸೊಸೆಯ ಮುಖ ನೋಡಿದಳು, ಆಮೇಲೆ ಹುಡುಗಿಯದು. "ಸುತ್ತೋದಾ? ನಂಗಾ? ಗಟ್ಟಿಯಾಗಿ ನಿಂತಿದ್ದೆ. ಇವಳೇ ಬಿಟ್ಲು, ಬಿದ್ದೆ."

"ಏನೇ ಇದು?" ಹೆಡ್ ಸಿಸ್ಟರ್ ಹುಡುಗಿಯ ಕಡೆ ತಿರುಗಿದಳು.

ಹುಡುಗಿ ತಲೆ ತಗ್ಗಿಸಿ ಸೊಂಟದ ಪಟ್ಟಿಯನ್ನು ಸುತ್ತಿಡತೊಡಗಿದಳು.

"ಸರಿ. ಡ್ಯೂಟಿ ಮುಗಿಸಿ ಬೀಗದ ಕೈ ತಂದುಕೊಡು."

ಎಕ್ಸ್‌ರೇಯಲ್ಲಿ ಮೂಳೆ ನೆಟ್ಟಗಿತ್ತು. ಅದು ಹುಡುಗಿಯ ಪರವಾಗಿ ಮಾತಾಡಲಿಲ್ಲ; ದೇವರು ದೊಡ್ಡವನು ಅಂದರು, ಅಷ್ಟೇ. ಅವಳು ಊದಿದ ಮಂಡಿ ಎಳೆದುಕೊಂಡು ಉಳಿದ ಹಾಸಿಗೆಗಳನ್ನೆಲ್ಲ ನೋಡಿದಳು. ಒಬ್ಬರ ಕಂಕುಳಿಂದ ಥರ್ಮಾಮೀಟರ್ ತೆಗೆಯುವಾಗ ಹಿಂದಿನ ಸಂಜೆಯ ಸಂಗತಿ ಥಟ್ಟನೆ ನೆನಪಾಯಿತು. ಡಾಕ್ಟರು ಕಂಡಕ್ಟರಮ್ಮನಿಗೆ ಬಿಪಿ ಮಾತ್ರೆ ಜಾಸ್ತಿ ಮಾಡಿದ್ದರು. ಮಲಗಿದ್ದಾಗ ಸರಿಯಿದ್ದ ರಕ್ತದೊತ್ತಡ ಎದ್ದಾಗ ಕುಸಿದಿರಬೇಕು. ಕೂರಿಸಿ ಯಾರೂ ನೋಡೇ ಇಲ್ಲ.

ಮಧ್ಯಾಹ್ನದ ಸರದಿಗೆ ಕಿಟಕಿ ಪಕ್ಕಕ್ಕೆ ಬಂದಳು. ಸೊಸೆ ಆಚೆ ಮಂಚದವರಿಗೆ ಬೆಳಗಿನ ಕತೆಯನ್ನು ಉಪ್ಪು ಖಾರ ಹಚ್ಚಿ ಬಡಿಸುತ್ತಿದ್ದಳು. ಹುಡುಗಿ ಕಂಡಕ್ಟರಮ್ಮನಿಗೆ ಮಲಗಿದಲ್ಲೇ ಬಿಪಿ ನೋಡಿದಳು. ಸರಿಯಿತ್ತು.

"ಕಾಲು ಇಳಿಬಿಟ್ಟು ಕೂತ್ಕೊಳ್ಳಿ."

ಕಂಡಕ್ಟರಮ್ಮನ ಕಣ್ಣು ಕಿರಿದಾಯಿತು. "ನೋಡಾಯ್ತಲ್ಲ. ಮತ್ತೇನು?"

"ಕೂರಿಸಿ ನೋಡಬೇಕು."

ಮುದುಕಿಗೆ ಅರ್ಥವಾಯಿತು. ದನಿ ತಗ್ಗಿಸಿ ಹಲ್ಲಿನ ಸಂದಿಯಿಂದ ಹೇಳಿದಳು: "ನನ್ನ ಕೋಣೆ ಕಿತ್ಕೋತಾಳೆ ಕಣೇ ಅವಳು."

"ನನ್ನ ಅನ್ನ ನೀವು ಕಿತ್ಕೊಂಡಿರಲ್ಲ."

"ಅಬ್ಬಾ, ನಾಲಿಗೆ ಇದೆ! ಕೂರಲ್ಲ ಹೋಗೇ. ಏನ್ ಮಾಡ್ತೀಯ?"

ಒಲ್ಲೆ ಅಂದವಳನ್ನು ಹುಡುಗಿ ಬಲವಂತವಾಗಿ ಕೂರಿಸುವಂತಿಲ್ಲ. ಸುಮ್ಮನೆ ಹೋದರೆ ತನ್ನ ನೌಕರಿ ಹೋಯಿತು, ಸಾಯಂಕಾಲ ಇನ್ನೊಬ್ಬಳು ಬಂದು ಎಬ್ಬಿಸಿದರೆ ಈ ಹಟಮಾರಿಯ ಸೊಂಟವೂ ಹೋಯಿತು. ಹೋಗಲಿ ಬಿಡು ಅಂತ ಒಂದು ಗಳಿಗೆ ಅನ್ನಿಸಿತು ಕೂಡ. ಬಿದ್ದು ಮುರಿದುಕೊಳ್ಳಲಿ, ಆಗ ಗೊತ್ತಾಗುತ್ತೆ. ಮರುಗಳಿಗೆ, ಹುಟ್ಟಿದಾಗಿನಿಂದ ಕೂಗದ ದನಿಯಲ್ಲಿ ಕೂಗಿದಳು:

"ಸಿಸ್ಟರ್! ಇವರು ಬಿದ್ದಿದ್ದು ಬಿಪಿ ಇಳಿದು! ಕೂರಿಸಿ ನೋಡಿದ್ರೆ ಗೊತ್ತಾಗುತ್ತೆ, ಬನ್ನಿ!"

ಸೊಸೆಯ ಕತೆ ಅರ್ಧಕ್ಕೇ ನಿಂತಿತು. ಹೆಡ್ ಸಿಸ್ಟರ್ ಬಂದಳು. "ಕೂತ್ಕೊಳ್ಳೀಮ್ಮ," ಅಂದಳು. ಆ ದನಿಗೆ ಎದುರಾಡುವ ಧೈರ್ಯ ಕಂಡಕ್ಟರಮ್ಮನಿಗೂ ಆಗಲಿಲ್ಲ. ಇಬ್ಬರೂ ಹಿಡಿದು ಕೂರಿಸಿದರು. ತೋಳಿಗೆ ಸುತ್ತಿದ ಬಿಪಿ ಪಟ್ಟಿ ಉಬ್ಬಿ ಮೆಲ್ಲಗೆ ಇಳಿಯಿತು. ಮೇಲಿನ ಅಂಕಿ ಮಲಗಿದ್ದಾಗಿನದಕ್ಕಿಂತ ನಲವತ್ತು ಕಡಿಮೆ. ನಾಡಿ ಓಡುತ್ತಿತ್ತು. ಕಂಡಕ್ಟರಮ್ಮನ ಮೇಲ್ದುಟಿಯಲ್ಲಿ ಬೆವರು ಸಾಲುಗಟ್ಟಿತು. ಬೇಗ ಮಲಗಿಸಿದರು.

ಹೆಡ್ ಸಿಸ್ಟರ್ ಹುಡುಗಿಯ ಊದಿದ ಮಂಡಿಯನ್ನು ಈಗ ನೋಡಿದಳು. "ಕೈ ಬಿಟ್ಟಿದ್ರೆ ಇದು ಅವರ ಮಂಡಿಯಾಗಿರ್ತಿತ್ತು. ಬೆಳಿಗ್ಗೆ ಬಾಯಿಗೇನು ಬೀಗ ಜಡಿದಿತ್ತಾ? ಕೂರಿಸಿ ನೋಡದೆ ನಾನೂ ಕೆಟ್ಟೆ, ಅದು ಬೇರೆ ಮಾತು. ಡಾಕ್ಟರಿಗೆ ಫೋನ್ ಮಾಡು, ಮಾತ್ರೆ ಕಮ್ಮಿ ಮಾಡಲಿ. ನಾಳೆ ಹೊತ್ತಿಗೆ ಸರಿಯಾಗಿ ಬಾ. ತಡ ಮಾಡಿದ್ರೆ ನೋಡು ಮತ್ತೆ."

ಬೀಗದ ಕೈಯ ಮಾತು ಅಲ್ಲಿಗೆ ಮುಗಿಯಿತು.

"ಅಯ್ಯೋ ಅತ್ತೆ, ಕೂತ್ರೇ ಹಿಂಗಾದ್ರೆ ಮೆಟ್ಟಿಲು ಹೆಂಗೆ?" ಸೊಸೆಯ ದನಿಯಲ್ಲಿ ಸಕ್ಕರೆ ತುಂಬಿತ್ತು.

"ಮಾತ್ರೆ ಜಾಸ್ತಿ ಆಗಿದ್ದಕ್ಕೆ ಹಿಂಗಾಗಿದ್ದು," ಅಂದಳು ಹುಡುಗಿ, ಅವಳ ಮುಖ ನೋಡದೆ. "ಮೆಟ್ಟಿಲಿನ ಲೆಕ್ಕ ಆಮೇಲೆ ಹಾಕಿ."

ಕಂಡಕ್ಟರಮ್ಮ ಗೋಡೆಗೆ ಮುಖ ತಿರುಗಿಸಿ ಮಲಗಿದಳು. ಆ ಮಾತಿಗೂ ಕೃತಜ್ಞತೆಯ ಒಂದು ಎಳೆಯೂ ಅವಳ ಬೆನ್ನಲ್ಲಿ ಕಾಣಲಿಲ್ಲ.

ಮಾರನೆಯ ಬೆಳಿಗ್ಗೆ ಹುಡುಗಿ ಬಂದಾಗ ಸೊಸೆ ಆಗಲೇ ಸ್ಟೂಲ್ ಮೇಲೆ ಕೂತು ಕಾಯುತ್ತಿದ್ದಳು. ಹುಡುಗಿ ಮುದುಕಿಯನ್ನು ಹೊರಳಿಸಿದಳು, ಕೂರಿಸಿದಳು. ಸೊಸೆಯ ಕಣ್ಣು ತನ್ನ ಮೇಲಿದ್ದದ್ದು ಕಂಡಕ್ಟರಮ್ಮನಿಗೆ ಗೊತ್ತಿತ್ತು. ಆದರೂ ಕಾಲು ಇಳಿಬಿಟ್ಟು ಕೂತಳು. ಬಿಪಿ ನೋಡುವವರೆಗೂ ಕೂತೇ ಇದ್ದಳು. ಈ ಸಲ ಅಂಕಿ ಇಳಿದಿರಲಿಲ್ಲ.

"ನಿನ್ನ ಮುಖ ಕಂಡ್ರೆ ಮೈ ಉರಿಯುತ್ತೆ," ಅಂದಳು.

"ಎಬ್ಬಿಸುವಾಗ ಮುಖ ಕಾಣಲ್ಲ. ಕೈ ಹಾಕಿ," ಅಂದಳು ಹುಡುಗಿ.

ಮಂಡಿಗೆ ಊದಿದ ಮಂಡಿ ಆನಿಸಿ, ಪಟ್ಟಿ ಹಿಡಿದು ಎತ್ತಿದಳು. ಬೆನ್ನಿಗೆ ಉಗುರು ನಾಟಿತು, ಎಂದಿಗಿಂತ ಆಳವಾಗಿ. ಆದರೆ ಈ ಸಲ ಮುದುಕಿ ಮೈ ಸೆಟೆಯಲಿಲ್ಲ. ತನ್ನ ಭಾರವನ್ನೆಲ್ಲ, ಕೊನೆಯ ಗುಲಗಂಜಿ ತೂಕದವರೆಗೂ, ಗುಮ್ಮನಗುಸ್ಕಿಯ ಮೇಲೆ ಹಾಕಿಬಿಟ್ಟಿದ್ದಳು.